ಹಿಮ್ಮಡಿ ನೋವಿಗೆ ಇನ್‌ಸೋಲ್: ಹಂತ ಹಂತವಾಗಿ

ಸೂರತ್‌ನ ಅಡಾಜಣ್‌ನಲ್ಲಿ ಮನೆ ಮಾಡಿಕೊಂಡು ಹಜೀರಾದ ಕಾರ್ಖಾನೆಗಳಿಗೆ ಹೋಗಿಬರುವವರ ಕಾಲಿಗೆ ಬಿಡುವೇ ಇಲ್ಲ. ಹಗಲೆಲ್ಲ ಸೇಫ್ಟಿ ಶೂ, ಸಿಮೆಂಟು ನೆಲ. ಮನೆಗೆ ಬಂದರೆ ಟೈಲ್ಸ್ ಮೇಲೆ ಬರಿಗಾಲು. ಬೆಳಿಗ್ಗೆ ಹಾಸಿಗೆಯಿಂದ ಇಳಿದ ಮೊದಲ ಹೆಜ್ಜೆಗೇ ಹಿಮ್ಮಡಿಯಲ್ಲಿ ಮೊಳೆ ಚುಚ್ಚಿದಂತಾಗಿ, ನಾಲ್ಕಾರು ಹೆಜ್ಜೆ ನಡೆದ ಮೇಲೆ ಸಡಿಲವಾಗುತ್ತಿದ್ದರೆ ಅದು ಬಹುತೇಕ ಪ್ಲಾಂಟರ್ ಫೇಶಿಯೈಟಿಸ್. ಹಿಮ್ಮಡಿ ಮೂಳೆಯಿಂದ ಬೆರಳುಗಳ ಬುಡದವರೆಗೆ ಅಂಗಾಲಿನಲ್ಲಿ ಹಾಯ್ದಿರುವ ದಪ್ಪ ಪಟ್ಟಿಯೊಂದು ಮೂಳೆಗೆ ಅಂಟುವ ಜಾಗದಲ್ಲಿ ಸವೆದು ನೋಯುವುದು ಇದು. ಎಕ್ಸ್‌ರೇಯಲ್ಲಿ ಮುಳ್ಳಿನಂಥ ಮೂಳೆ ಕಂಡರೆ ಗಾಬರಿ ಬೇಡ, ನೋವಿಲ್ಲದವರಲ್ಲೂ ಅದು ಇರುತ್ತದೆ.

ಹಂತ 1. ಹಿಮ್ಮಡಿ ಊದಿ ಕೆಂಪಾಗಿದ್ದರೆ, ಜ್ವರವಿದ್ದರೆ, ಕಾಲು ಮರಗಟ್ಟುತ್ತಿದ್ದರೆ, ರಾತ್ರಿ ಮಲಗಿದಾಗಲೂ ನೋವು ಬಿಡದಿದ್ದರೆ, ಸಕ್ಕರೆ ಕಾಯಿಲೆಯಿದ್ದರೆ ಮೊದಲು ಡಾಕ್ಟರು, ಆಮೇಲೆ ಅಂಗಡಿ.

ಹಂತ 2. ಈಗಿನ ಶೂವನ್ನು ಕೈಯಲ್ಲಿ ಬಾಗಿಸಿ ನೋಡಿ. ಬೆರಳುಗಳ ಹತ್ತಿರ ಬಾಗಬೇಕು. ನಡುವೆಯೇ ಚಪಾತಿಯಂತೆ ಮಡಚಿಕೊಂಡರೆ ಶೂ ಬದಲಿಸಿ. ಅದರೊಳಗೆ ಎಂಥ ಇನ್‌ಸೋಲ್ ಹಾಕಿದರೂ ದಂಡ.

ಹಂತ 3. ಕಾಲು ಸ್ವಲ್ಪ ಊದಿಕೊಂಡಿರುವ ಸಂಜೆ ಹೊತ್ತಿನಲ್ಲಿ, ದಿನಾ ಹಾಕುವ ಶೂ ಸಮೇತ ಅಂಗಡಿಗೆ ಹೋಗಿ. ಗುಜರಾತಿ ಬಾರದಿದ್ದರೆ ‘ಮಾರೀ ಏಡೀ ದುಖೇ ಛೇ’ ಅನ್ನಿ, ಸಾಕು. ಇನ್‌ಸೋಲ್‌ನಲ್ಲಿ ಹಿಮ್ಮಡಿ ಕೂರಲು ತಗ್ಗು, ಅಂಗಾಲಿನ ಕಮಾನಿಗೆ ಆಸರೆ, ಎರಡೂ ಇರಬೇಕು. ಆ ಆಸರೆಯನ್ನು ಹೆಬ್ಬೆರಳಿನಿಂದ ಒತ್ತಿ. ಪೂರ್ತಿ ಚಪ್ಪಟೆಯಾದರೆ ಬಿಟ್ಟುಬಿಡಿ. ಪಾದದ ಅಚ್ಚು ತೆಗೆದು ಮಾಡಿಸುವ ದುಬಾರಿ ಇನ್‌ಸೋಲ್‌ಗೆ ಆತುರಪಡಬೇಡಿ. ನೋವು ತಗ್ಗಿಸುವುದರಲ್ಲಿ ಅದಕ್ಕೂ ರೆಡಿಮೇಡ್‌ಗೂ ದೊಡ್ಡ ವ್ಯತ್ಯಾಸ ಅಧ್ಯಯನಗಳಲ್ಲಿ ಕಂಡುಬಂದಿಲ್ಲ.

ಹಂತ 4. ಶೂ ಒಳಗಿನ ಹಳೆಯ ಅಟ್ಟೆ ತೆಗೆದು ಹೊಸದರ ಮೇಲಿಟ್ಟು ಗೆರೆ ಎಳೆಯಿರಿ. ಬೆರಳಿನ ತುದಿಯಲ್ಲಿ ಮಾತ್ರ ಕತ್ತರಿಸಿ. ಸೇಫ್ಟಿ ಶೂ ಆದರೆ ಕಾರ್ಖಾನೆಯ ಸುರಕ್ಷತಾ ಅಧಿಕಾರಿಯನ್ನು ಕೇಳದೆ ಅಟ್ಟೆ ಬದಲಿಸಬೇಡಿ. ಕೆಲವು ಶೂಗಳಲ್ಲಿ ಮೈಯ ಸ್ಥಿರ ವಿದ್ಯುತ್ತನ್ನು ನೆಲಕ್ಕೆ ಇಳಿಸುವ ದಾರಿ ಆ ಅಟ್ಟೆಯ ಮೂಲಕವೇ ಇರುತ್ತದೆ.

ಹಂತ 5. ಮೊದಲ ದಿನ ಒಂದು ಗಂಟೆ, ಮರುದಿನ ಎರಡು, ಹೀಗೆ ಒಂದೆರಡು ವಾರದಲ್ಲಿ ಪೂರ್ತಿ ದಿನಕ್ಕೆ ಏರಿಸಿ. ಮಂಡಿಯಲ್ಲೋ ಸೊಂಟದಲ್ಲೋ ಹೊಸ ನೋವು ಶುರುವಾದರೆ ನಿಲ್ಲಿಸಿ.

ಹಂತ 6. ಹೆಚ್ಚಿನವರು ಸೋಲುವುದು ಇಲ್ಲಿ. ನಮ್ಮ ಮನೆಗಳಲ್ಲಿ ಶೂ ಬಾಗಿಲಾಚೆ ಉಳಿಯುತ್ತದೆ, ಅದರೊಳಗಿನ ಇನ್‌ಸೋಲೂ ಅಲ್ಲೇ ಉಳಿಯುತ್ತದೆ. ಅಡುಗೆಮನೆಯಲ್ಲಿ ಎರಡು ಗಂಟೆ ಬರಿಗಾಲಲ್ಲಿ ನಿಂತರೆ ಹಗಲಿನ ಆರೈಕೆಯೆಲ್ಲ ಹೋಯಿತು. ಪದ್ಧತಿ ಮುರಿಯಬೇಕಿಲ್ಲ: ಕಮಾನಿನ ಆಸರೆಯಿರುವ ಹೊಸ ಚಪ್ಪಲಿಯನ್ನು ಒಳಗಷ್ಟೇ ಬಳಸಿ, ದೇವರ ಕೋಣೆಯ ಮುಂದೆ ಬಿಡಿ. ರಾತ್ರಿ ಅದು ಮಂಚದ ಪಕ್ಕದಲ್ಲಿರಲಿ, ಬೆಳಗಿನ ಮೊದಲ ಹೆಜ್ಜೆ ಅದರ ಮೇಲೆಯೇ ಬೀಳಲಿ. ಮನೆಯಲ್ಲಿ ದಿನವಿಡೀ ದುಡಿಯುವ ಹೆಂಗಸರಿಗೆ ಶೂ ಒಳಗಿನ ಇನ್‌ಸೋಲ್‌ಗಿಂತ ಈ ಚಪ್ಪಲಿಯೇ ಮುಖ್ಯ.

ಹಂತ 7. ಏಳುವ ಮುನ್ನ, ಕೂತಲ್ಲೇ ನೋಯುವ ಕಾಲನ್ನು ಇನ್ನೊಂದು ತೊಡೆಯ ಮೇಲಿಟ್ಟು ಬೆರಳುಗಳನ್ನು ಮೊಣಕಾಲಿನ ಕಡೆಗೆ ಎಳೆದು 10 ಸೆಕೆಂಡು ಹಿಡಿಯಿರಿ. ಹೀಗೆ 10 ಸಲ, ದಿನಕ್ಕೆ ಮೂರು ಹೊತ್ತು. ಇದಿಲ್ಲದೆ ಇನ್‌ಸೋಲ್ ಅರ್ಧ ಮದ್ದು.

ನವರಾತ್ರಿ ಹತ್ತಿರವಿದ್ದರೆ ಈ ವರ್ಷ ಬರಿಗಾಲಿನ ಗರ್ಬಾ ಬಿಡಿ, ಕೂತು ನೋಡಿ. ಈ ನೋವು ಇಳಿಯಲು ವಾರಗಳಲ್ಲ, ತಿಂಗಳುಗಳೇ ಬೇಕು. ಹೆಚ್ಚಿನವರಿಗೆ ಒಂದು ವರ್ಷದೊಳಗೆ ಶಸ್ತ್ರಚಿಕಿತ್ಸೆಯಿಲ್ಲದೆಯೇ ಇಳಿಯುತ್ತದೆ.