ಗಾಯ ಮಾಯಿತು, ಮನುಷ್ಯ ಬದಲಾದನೇಕೆ?

ಕೈ ಮುರಿದರೆ ಪ್ಲಾಸ್ಟರ್ ಕಾಣುತ್ತದೆ. ಅಂಥವನಿಗೆ ಭಾರ ಎತ್ತೆಂದು ಯಾರೂ ಹೇಳುವುದಿಲ್ಲ. ತಲೆಯ ಗಾಯದ ಹೊಲಿಗೆಯಾದರೋ ಕೆಲವೇ ತಿಂಗಳಲ್ಲಿ ಕೂದಲಿನಡಿ ಮರೆಯಾಗುತ್ತದೆ. ಬಳ್ಳಾರಿ ರಸ್ತೆಯಲ್ಲೋ ತುಮಕೂರು ರಸ್ತೆಯಲ್ಲೋ ಬೈಕಿನಿಂದ ಬಿದ್ದು, ನಿಮ್ಹಾನ್ಸ್‌ನಲ್ಲಿ ಚಿಕಿತ್ಸೆ ಪಡೆದು ಮನೆಗೆ ಬಂದವನನ್ನು ನೋಡಿ "ದೇವರು ದೊಡ್ಡವನು, ಮೊದಲಿನಂತಾದ" ಎಂದು ನೆರೆಯವರು ಸಂತೋಷಪಡುತ್ತಾರೆ. ಹೆಂಡತಿ ಸುಮ್ಮನಿರುತ್ತಾಳೆ. ಆತ ಮೊದಲಿನಂತಿಲ್ಲವೆಂದು ಆಕೆಗೆ ಗೊತ್ತು.

ಬೆಳಿಗ್ಗೆ ಆಡಿದ ಮಾತು ಮಧ್ಯಾಹ್ನಕ್ಕೆ ನೆನಪಿರುವುದಿಲ್ಲ. ಮಗು ಅತ್ತರೆ ಸಿಡಿಯುತ್ತಾನೆ. ಗಾಯನವೃಂದದ ಸದ್ದು ತಾಳಲಾರದೆ ಬಲಿಪೂಜೆಯ ನಡುವೆ ಎದ್ದು ಹೋಗುತ್ತಾನೆ. ಕೆಲವರು ದಿನವಿಡೀ ಏನೂ ಮಾಡದೆ ಕುಳಿತಿರುತ್ತಾರೆ. ಇದಕ್ಕೆ ನಾವು ಸೋಮಾರಿತನ, ಅಹಂಕಾರ, ಕೊನೆಗೆ ಮಾಟ ಎಂದೂ ಹೆಸರಿಡುತ್ತೇವೆ. ಆದರೆ ಕೋಪವನ್ನು ತಡೆಯುವುದು, ತಾನಾಗಿ ಒಂದು ಕೆಲಸಕ್ಕೆ ತೊಡಗುವುದು, ಇವೆಲ್ಲ ಹಣೆಯ ಹಿಂದಿರುವ ಮೆದುಳಿನ ಮುಂಭಾಗವನ್ನು ಅವಲಂಬಿಸಿವೆ. ವೇಗದಲ್ಲಿ ಬಿದ್ದಾಗ ಮೃದುವಾದ ಮೆದುಳು ಬುರುಡೆಯ ಒರಟು ಒಳಮೈಗೆ ಬಡಿದು ಹೆಚ್ಚಾಗಿ ಜಜ್ಜಿಹೋಗುವುದು ಇಲ್ಲಿ ಮತ್ತು ಕಿವಿಯ ಪಕ್ಕದ ಭಾಗದಲ್ಲಿ. (ಭಾನುವಾರ ಪೊಲೀಸರಿರುವುದಿಲ್ಲವೆಂದು ಹೆಲ್ಮೆಟ್ ಇಲ್ಲದೆ ಪೂಜೆಗೆ ಬರುವವರು ಈ ಸಾಲನ್ನು ಇನ್ನೊಮ್ಮೆ ಓದಲಿ.)

"ಹಾಗಾದರೆ ಆತ್ಮಕ್ಕೇನಾಯಿತು, ಸ್ವಾಮಿ?" ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. 13ನೇ ಶತಮಾನದಲ್ಲೇ ಸಂತ ಥಾಮಸ್ ಅಕ್ವಿನಾಸರು ಇದನ್ನು ವಿಚಾರ ಮಾಡಿದ್ದರು. ಬುದ್ಧಿಯು ಆತ್ಮದ ಶಕ್ತಿಯೇ ಹೌದು. ಆದರೂ ಈ ಬಾಳಿನಲ್ಲಿ ಕಲ್ಪನೆ, ನೆನಪು ಎಂಬ ದೇಹಾಶ್ರಿತ ಶಕ್ತಿಗಳ ನೆರವಿಲ್ಲದೆ ಅದು ಕೆಲಸ ಮಾಡದು. ಅವುಗಳ ಅಂಗಕ್ಕೆ ಹಾನಿಯಾದರೆ, ಹಿಂದೆ ಕಲಿತದ್ದನ್ನೂ ಮನುಷ್ಯ ಆಲೋಚನೆಗೆ ತಂದುಕೊಳ್ಳಲಾರ ಎಂಬುದು ಅವರ 'ಸುಮ್ಮಾ ಥಿಯಾಲಜಿಕಾ'ದ ವಾದ. ಆತ್ಮ ಎಲ್ಲೂ ಹೋಗಿಲ್ಲ. ದೇಹದಿಂದ ಬೇರೆಯಾಗಿ ನಿಂತು ಯೋಚಿಸುವ ಆತ್ಮವಂತೂ ನಮ್ಮದಲ್ಲ.

ಪಾಪದ ಲೆಕ್ಕವೂ ಹೀಗೆಯೇ. ಮಾರಕ ಪಾಪಕ್ಕೆ ವಿಷಯ ಗಂಭೀರವಾಗಿದ್ದರೆ ಸಾಲದು. ಪೂರ್ಣ ತಿಳುವಳಿಕೆ, ಪೂರ್ಣ ಸಮ್ಮತಿ ಎರಡೂ ಬೇಕು. ಮಾನಸಿಕ ಕಾರಣಗಳಿಂದ ಮನುಷ್ಯನ ಹೊಣೆ ಕಡಿಮೆಯಾಗಬಹುದು, ಇಲ್ಲವಾಗಲೂಬಹುದು ಎಂದು 1992ರ ಧರ್ಮಸಭೆಯ ಕ್ಯಾಟಿಕಿಸಂ ಸ್ಪಷ್ಟವಾಗಿ ಹೇಳಿದೆ. ಆತನ ಕೋಪದಲ್ಲಿ ಗಾಯದ ಪಾಲೆಷ್ಟು, ಆತನ ಪಾಲೆಷ್ಟು ಎಂದು ತೂಗುವುದು ದೇವರಿಗೆ ಬಿಟ್ಟದ್ದು. ಹಾಗೆಂದು ಹೆಂಡತಿ ಪೆಟ್ಟು ತಿನ್ನುತ್ತಾ ಕೂರಬೇಕೆಂದು ನಾನು ಹೇಳುತ್ತಿಲ್ಲ. ಕೈ ಎತ್ತಿದರೆ ಮಕ್ಕಳೊಂದಿಗೆ ಸುರಕ್ಷಿತ ಜಾಗಕ್ಕೆ ಹೋಗಲಿ, ವೈದ್ಯರಿಗೆ ಮುಚ್ಚಿಡದೆ ತಿಳಿಸಲಿ. ಅದರಿಂದ ವಿವಾಹದ ವಾಗ್ದಾನಕ್ಕೆ ಕುಂದಿಲ್ಲ.

ಧ್ಯಾನಕೂಟದಿಂದ ಬಂದ ಮೇಲೆ ಫಿಟ್ಸ್ ಮಾತ್ರೆ ನಿಲ್ಲಿಸುವವರಿದ್ದಾರೆ. ಪ್ರಿಯ ಬಾಂಧವರೇ, ದಯವಿಟ್ಟು ಹೀಗೆ ಮಾಡಬೇಡಿ. ಮಾತ್ರೆ ಥಟ್ಟನೆ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯ. ಮಾತ್ರೆ ನುಂಗಿಯೂ ಪ್ರಾರ್ಥಿಸಬಹುದು. ಗುರುಗಳನ್ನು ಕರೆದು ವ್ಯಾಧಿಸ್ಥರ ಅಭ್ಯಂಗ ಕೊಡಿಸಿ. ಅದು ಸಾಯುವ ಗಳಿಗೆಗೆ ಮಾತ್ರ ಮೀಸಲಲ್ಲವೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲೇ ತಿಳಿಸಿದೆ. ಮನೆಯಲ್ಲಿ ಒಂದು ಸಲಕ್ಕೆ ಒಂದೇ ಮಾತು ಹೇಳಿ. ದಿನದ ಕೆಲಸವನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಟಿ.ವಿ. ಸದ್ದು ತಗ್ಗಿಸಿ. ನೆನಪು, ಗಮನಗಳಿಗೆ ಮರುತರಬೇತಿ ಕೊಡುವವರು ನಿಮ್ಹಾನ್ಸ್‌ನಲ್ಲಿದ್ದಾರೆ, ವೈದ್ಯರನ್ನು ಕೇಳಿ. ಸುಧಾರಣೆ ನಿಧಾನ, ವರ್ಷಗಳೇ ಹಿಡಿಯಬಹುದು.

ಯಲಹಂಕದಿಂದ ಹೊಸೂರು ರಸ್ತೆಯ ಆ ಆಸ್ಪತ್ರೆಗೆ ಹೋಗಿಬರಲು ಒಂದು ದಿನವೇ ಬೇಕು. ವಾರ್ಡಿನವರು ಯಾರಾದರೊಬ್ಬರು ಜೊತೆಗೆ ಹೋದರೆ, ಆಕೆ ಔಷಧಿಯ ಸಾಲಿನಲ್ಲಿ ನಿಂತಿರುವಾಗ ಆತನ ಪಕ್ಕದಲ್ಲಿ ಕೂರಲು ಒಂದು ಜನವಿರುತ್ತದೆ.