ನಾಯಿ ತನ್ನ ಮೈಯನ್ನು ತಾನೇ ಕಡಿದುಕೊಳ್ಳುವುದೇಕೆ? ಗ್ರಾಮ ಪಂಚಾಯತಿ ಮಾಡಬೇಕಾದುದೇನು?

ಗ್ರಾಮ ಪಂಚಾಯತಿಗಳ ಮಾನ್ಯ ಸದಸ್ಯರ ಅಧ್ಯಯನಕ್ಕಾಗಿ.

ಬಸ್ ನಿಲ್ದಾಣದ ಕಟ್ಟೆಯ ಕೆಳಗೋ ಅಕ್ಕಿ ಗಿರಣಿಯ ಹೊಟ್ಟಿನ ರಾಶಿಯ ಮಗ್ಗುಲಲ್ಲೋ ಮಲಗಿದ ನಾಯಿಯೊಂದು ಥಟ್ಟನೆ ತಿರುಗಿ, ಬಾಲದ ಬುಡವನ್ನು ಮುಂಬಲ್ಲುಗಳಿಂದ ಕಟಕಟನೆ ಕಡಿದುಕೊಳ್ಳುವುದು ಗಂಗಾವತಿ ಸೀಮೆಯಲ್ಲಿ ಅಪರೂಪದ ನೋಟವಲ್ಲ. ಕೂದಲು ಉದುರಿ, ಚರ್ಮ ಕೆಂಪೇರಿದ ಇಂತಹ ನಾಯಿಯನ್ನು ಕಂಡ ಗ್ರಾಮಸ್ಥರು ಅದಕ್ಕೆ ಹುಚ್ಚು ಹಿಡಿದಿದೆಯೆಂದು ಭಾವಿಸಿ, ಅದನ್ನು ಊರಿನಿಂದ ಸಾಗಿಸುವಂತೆ ಪಂಚಾಯತಿಯನ್ನು ಒತ್ತಾಯಿಸುವುದುಂಟು. ಬಹುಪಾಲು ಸಂದರ್ಭಗಳಲ್ಲಿ ಅದಕ್ಕೆ ಹಿಡಿದಿರುವುದು ಹುಚ್ಚಲ್ಲ, ತುರಿಕೆ. ತುರಿಕೆಯ ಮೂಲವಾದರೂ ನಾಯಿಯ ಮೈಗಿಂತ ಹೆಚ್ಚಾಗಿ ಅದು ಮಲಗುವ ನೆಲದಲ್ಲಿರುತ್ತದೆ. ಆ ನೆಲ ಪಂಚಾಯತಿಯದು. ಸಂವಿಧಾನದ 11ನೇ ಅನುಸೂಚಿಯ 29 ವಿಷಯಗಳಲ್ಲಿ ಪಶುಸಂಗೋಪನೆ ನಾಲ್ಕನೆಯದೆಂಬುದನ್ನೂ ಇಲ್ಲಿ ಸ್ಮರಿಸಬಹುದು.

ನಾಯಿ ಎಲ್ಲಿ ಕಡಿದುಕೊಳ್ಳುತ್ತಿದೆ ಎಂಬುದನ್ನು ಮೊದಲು ಗಮನಿಸಬೇಕು. ಅರ್ಧ ಉತ್ತರ ಅಲ್ಲಿಯೇ ಇರುತ್ತದೆ. ಸೊಂಟದ ಹಿಂಭಾಗ, ಬಾಲದ ಬುಡ, ಒಳತೊಡೆಗಳಾದರೆ ಚಿಗಟವೆಂದು ಶಂಕಿಸಬೇಕು. ಕೆಲವು ನಾಯಿಗಳಿಗೆ ಚಿಗಟದ ಜೊಲ್ಲು ಒಗ್ಗುವುದಿಲ್ಲ. ಅಂಥವಕ್ಕೆ ನಾಲ್ಕಾರು ಚಿಗಟ ಕಚ್ಚಿದರೂ ದಿನಗಟ್ಟಲೆ ತುರಿಕೆ ನಿಲ್ಲದು. ಪರೀಕ್ಷೆ ಸುಲಭ: ಕೂದಲಿನ ಬುಡದಲ್ಲಿ ಕಾಣುವ ಕರಿಯ ಪುಡಿಯನ್ನು ಒದ್ದೆಯಾದ ಬಿಳಿ ಬಟ್ಟೆಯ ಮೇಲೆ ಉದುರಿಸಿದಾಗ ಕೆಂಪು ಕಂದು ಬಣ್ಣ ಹರಡಿದರೆ ಅದು ಧೂಳಲ್ಲ, ಚಿಗಟದ ಹಿಕ್ಕೆ, ಅಂದರೆ ಜೀರ್ಣವಾದ ರಕ್ತ.

ಕಿವಿಯ ಅಂಚು, ಮೊಣಕೈ, ಹೊಟ್ಟೆಯ ಕೆಳಭಾಗಗಳಲ್ಲಿ ಕೂದಲುದುರಿ ಹೊಪ್ಪಳೆ ಕಟ್ಟಿದ್ದರೆ ಅದು ಕಜ್ಜಿಯಾಗಿರಬಹುದು. ಕಣ್ಣಿಗೆ ಕಾಣದ ನುಸಿಯೊಂದು ಚರ್ಮದೊಳಗೆ ಬಿಲ ಕೊರೆಯುವುದರಿಂದ ಬರುವ ಈ ರೋಗ ನಾಯಿಯಿಂದ ನಾಯಿಗೆ ಬೇಗ ಹರಡುತ್ತದೆ. ಮುಟ್ಟಿದ ಮನುಷ್ಯರಿಗೂ ತಾತ್ಕಾಲಿಕ ತುರಿಕೆ ಬರುವುದುಂಟು. ಪಾದದ ಸಂದುಗಳನ್ನೇ ಕಡಿಯುತ್ತಿದ್ದರೆ ಬೆರಳುಗಳ ನಡುವೆ ಉಣ್ಣೆ ಕಚ್ಚಿದೆಯೇ ನೋಡಬೇಕು. ಕುಷ್ಟಗಿ, ಯಲಬುರ್ಗಾ ಕಡೆಯ ಒಣಭೂಮಿಯಲ್ಲಿ ಕುರಿಹಿಂಡಿನೊಡನೆ ಅಲೆಯುವ ನಾಯಿಗಳಿಗೆ ಬಳ್ಳಾರಿ ಜಾಲಿಯ ಮುಳ್ಳು ನಾಟಿರುವುದೂ ಸಾಧ್ಯ. ಗಂಗಾವತಿ, ಕಾರಟಗಿಗಳ ಕಾಲುವೆ ಪ್ರದೇಶದಲ್ಲಿ ಸದಾ ಗದ್ದೆಯ ಕೆಸರಿನಲ್ಲಿ ಓಡಾಡುವ ನಾಯಿಯ ಪಾದ ತೇವದಿಂದಲೇ ಹುಣ್ಣಾಗಬಹುದು. ಬರೀ ಅನ್ನ ತಿಂದು ಬದುಕುವ ನಾಯಿಯ ಚರ್ಮ ಒಣಗಿ ತುರಿಸುವುದೂ ಉಂಟು.

ಈಗ ನೆಲದ ವಿಚಾರ. ನಾಯಿಯ ಮೈಮೇಲೆ ಕಾಣುವ ಚಿಗಟಗಳು ಒಟ್ಟು ಸಂತತಿಯ ಸುಮಾರು 5 ಭಾಗ ಮಾತ್ರ. ಉಳಿದ 95 ಭಾಗ ಮೊಟ್ಟೆ, ಮರಿಹುಳು ಮತ್ತು ಕೋಶದ ರೂಪದಲ್ಲಿ ಸುತ್ತಲಿನ ಕಸ, ಧೂಳು, ಬಿರುಕುಗಳಲ್ಲಿರುತ್ತದೆ. ಮರಿಹುಳು ಬಿಸಿಲಿಗೂ ಶುಷ್ಕತೆಗೂ ಸಾಯುತ್ತದೆ. ನೆರಳು ಮತ್ತು ತೇವ ಅದಕ್ಕೆ ಹಿತ. ನೀರಾವರಿಯಿಂದ ತಂಪಾದ ಊರಿನಲ್ಲಿ ಜಗುಲಿಯ ಅಡಿ, ಹೊಟ್ಟಿನ ರಾಶಿ, ಪಾಳುಮನೆಯ ಮೂಲೆ ಅದಕ್ಕೆ ಹೇಳಿಮಾಡಿಸಿದ ಸ್ಥಳಗಳು. ಉಣ್ಣೆಯ ರೀತಿ ಬೇರೆ. ರಕ್ತ ಕುಡಿದು ಉಬ್ಬಿದ ಹೆಣ್ಣು ಉಣ್ಣೆ ನಾಯಿಯಿಂದ ಉದುರಿ, ಗೋಡೆಯ ಬಿರುಕಿನಲ್ಲಿ ಸಾವಿರಾರು ಮೊಟ್ಟೆಗಳನ್ನಿಡುತ್ತದೆ. ಆದುದರಿಂದ ನಾಯಿಯನ್ನು ಓಡಿಸಿದರೆ ಚಿಗಟ, ಉಣ್ಣೆಗಳು ಊರು ಬಿಡುವುದಿಲ್ಲ. ಟ್ರ್ಯಾಕ್ಟರಿಗೆ ಹೇರಿ ಪಕ್ಕದ ಊರಿನ ಗಡಿಯಲ್ಲಿ ಇಳಿಸಿ ಬರುವ ಉಪಾಯವಂತೂ ಅಲ್ಲಿಗೂ ಅವುಗಳನ್ನು ದಾನ ಮಾಡಿದಂತೆ.

ಮಕ್ಕಳ ಆರೋಗ್ಯದ ಪ್ರಶ್ನೆಯೂ ಇಲ್ಲಿದೆ. ಚಿಗಟದ ದೇಹದಲ್ಲಿ ನಾಯಿಯ ಲಾಡಿಹುಳುವಿನ ಮರಿ ಬೆಳೆಯುತ್ತದೆ. ಮೈ ಕಡಿದುಕೊಳ್ಳುವಾಗ ನಾಯಿ ಚಿಗಟವನ್ನು ನುಂಗಿದರೆ ಹುಳು ಅದರ ಹೊಟ್ಟೆ ಸೇರುತ್ತದೆ. ನಾಯಿಯೊಡನೆ ಆಡುವ ಸಣ್ಣ ಮಗು ಅಕಸ್ಮಾತ್ ಚಿಗಟ ನುಂಗಿದರೆ ಮಗುವಿಗೂ ಅದೇ ಗತಿ. ಅಂಗನವಾಡಿಯ ಸುತ್ತಮುತ್ತ ಈ ಎಚ್ಚರ ಅಗತ್ಯ.

ಮಾಡಬಾರದ ಎರಡು ಕೆಲಸಗಳನ್ನು ಸ್ಪಷ್ಟವಾಗಿ ಹೇಳಲೇಬೇಕು. ಭತ್ತದ ಬೆಳೆಗೆಂದು ತಂದ ಕೀಟನಾಶಕವನ್ನು ನೀರಿಗೆ ಬೆರೆಸಿ ನಾಯಿಗೆ ಬಳಿಯುವುದು ಮೊದಲನೆಯದು. ನಾಯಿ ಮೈ ನೆಕ್ಕಿಕೊಳ್ಳುತ್ತದೆ. ಜೊಲ್ಲು ಸುರಿದು, ನಡುಕ ಬಂದು, ಉಸಿರು ಕಟ್ಟಿ ಸಾಯುತ್ತದೆ. ಬರಿಗೈಯಲ್ಲಿ ಬಳಿದವರಿಗೂ ಅಪಾಯ ತಪ್ಪಿದ್ದಲ್ಲ. ಎರಡನೆಯದು ಸುಟ್ಟ ಇಂಜಿನ್ ಆಯಿಲ್ ಹಚ್ಚುವುದು. ಇದರಿಂದ ಕಜ್ಜಿ ವಾಸಿಯಾಗುವುದೆಂಬ ನಂಬಿಕೆ ಹಳೆಯದಾದರೂ ಅದು ಚರ್ಮವನ್ನು ಸುಡುತ್ತದೆ, ಹೊಟ್ಟೆಗೆ ಹೋದರೆ ವಿಷ. ದನಕ್ಕೆ ಕೊಡುವ ಚುಚ್ಚುಮದ್ದನ್ನು ಅಂದಾಜಿನ ಮೇಲೆ ನಾಯಿಗೆ ಹಾಕುವುದೂ ಸಲ್ಲದು; ಪ್ರಮಾಣವನ್ನು ಪಶುವೈದ್ಯರೇ ನಿರ್ಧರಿಸಬೇಕು. ವಿಷವಿಟ್ಟು ಕೊಲ್ಲುವುದು ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಮಿನಂತೆ 5 ವರ್ಷಗಳವರೆಗೆ ಶಿಕ್ಷೆಗೆ ಗುರಿಪಡಿಸುವ ಅಪರಾಧವೆಂಬುದನ್ನು ಗ್ರಾಮಸಭೆಯಲ್ಲಿ ಓದಿ ಹೇಳುವುದು ಒಳಿತು.

ಹಾಗಾದರೆ ಹುಚ್ಚಿನ ಶಂಕೆಯನ್ನು ಎಂದೂ ಪಡಬಾರದೇ? ಪಡಬೇಕಾದ ಸಂದರ್ಭವಿದೆ. ರೇಬೀಸ್ ತಗುಲಿದ ನಾಯಿಯೂ ತನ್ನ ಮೈಯನ್ನು, ವಿಶೇಷವಾಗಿ ಹಿಂದೆ ಕಚ್ಚಿಸಿಕೊಂಡ ಜಾಗವನ್ನು, ಕಡಿದುಕೊಳ್ಳಬಹುದು. ತುರಿಕೆಯ ನಾಯಿ ಕರೆದರೆ ತಲೆ ಎತ್ತುತ್ತದೆ, ಬಾಲ ಆಡಿಸುತ್ತದೆ, ಹಾಕಿದ್ದನ್ನು ತಿನ್ನುತ್ತದೆ, ನೀರು ಕುಡಿಯುತ್ತದೆ. ಸ್ವಭಾವ ದಿಢೀರನೆ ಬದಲಾಗಿ, ಧ್ವನಿ ಒಡೆದು, ದವಡೆ ಜೋತು, ನುಂಗಲಾಗದೆ ಜೊಲ್ಲು ಸುರಿಸುತ್ತ, ಕಲ್ಲು ಕಟ್ಟಿಗೆಗಳನ್ನೂ ಕಚ್ಚುವ ನಾಯಿಯ ಬಳಿಗೆ ಯಾರೂ ಹೋಗಬಾರದು. ಮಕ್ಕಳನ್ನು ದೂರವಿರಿಸಿ ಪಶು ಆಸ್ಪತ್ರೆಗೆ ತಿಳಿಸಬೇಕು. ಯಾವ ನಾಯಿಯೇ ಕಚ್ಚಲಿ, ಗಾಯವನ್ನು ಹರಿಯುವ ನೀರು ಮತ್ತು ಸಾಬೂನಿನಿಂದ 15 ನಿಮಿಷ ತೊಳೆದು, ಅದೇ ದಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಲಸಿಕೆ ಪಡೆಯಬೇಕು. ಅರಿಶಿನ, ಸುಣ್ಣ, ಖಾರದ ಪುಡಿ ಬೇಡ. ರೇಬೀಸ್ ಲಕ್ಷಣಗಳು ತೋರಿದ ಮೇಲೆ ಬದುಕುಳಿಯುವುದು ಬಹುತೇಕ ಅಸಾಧ್ಯ.

ಪಂಚಾಯತಿಯ ಕೆಲಸಕ್ಕೆ ಬರೋಣ. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳಂತೆ ಬೀದಿನಾಯಿಗಳ ಸಂತಾನಹರಣ ಮತ್ತು ರೇಬೀಸ್ ಲಸಿಕೆಯ ಹೊಣೆ ಸ್ಥಳೀಯ ಸಂಸ್ಥೆಯದು. ಬೀದಿನಾಯಿಯನ್ನು ಹಿಡಿಯುವುದೇ ಕಷ್ಟದ ಕೆಲಸವಾದ ಕಾರಣ, ಒಮ್ಮೆ ಹಿಡಿದಾಗ ಅದೇ ದಿನ ಚರ್ಮರೋಗದ ಔಷಧ ಮತ್ತು ಜಂತುನಾಶಕವನ್ನೂ ಕೊಡುವಂತೆ ಪಶುವೈದ್ಯಾಧಿಕಾರಿಗಳನ್ನು ಮುಂಚಿತವಾಗಿ ಕೋರುವುದು ಸೂಕ್ತ. ಸಾಕಿದ ನಾಯಿಯಾದರೆ ಮಾಲೀಕರು ಪಶು ಆಸ್ಪತ್ರೆಗೆ ಒಯ್ಯಬೇಕು. ಸಂಚಾರಿ ಪಶು ಚಿಕಿತ್ಸಾಲಯದ ಸೇವೆಗೆ 1962 ಸಂಖ್ಯೆಗೆ ಕರೆ ಮಾಡಬಹುದು. ಶಿಬಿರ ನಡೆಯುವ ವಾರದಲ್ಲಿಯೇ ನಾಯಿಗಳು ಮಲಗುವ ಸ್ಥಳಗಳನ್ನು ಗುಡಿಸಿ, ಹಳೆಯ ಗೋಣಿಚೀಲಗಳನ್ನು ಕುದಿನೀರಿನಲ್ಲಿ ಅದ್ದಿ ಬಿಸಿಲಿಗೆ ಒಣಗಿಸಿ, ಸಮುದಾಯ ಭವನ ಮತ್ತು ಬಸ್ ತಂಗುದಾಣದ ಗೋಡೆಬಿರುಕುಗಳನ್ನು ಗಾರೆಯಿಂದ ಮುಚ್ಚಿಸಬೇಕು. ಇದನ್ನು ಬಿಟ್ಟು ಔಷಧ ಮಾತ್ರ ಹಾಕಿಸಿದರೆ ಹಣ ವ್ಯರ್ಥ.

ಇಷ್ಟೆಲ್ಲ ಮಾಡಿದ ಎರಡು ಮೂರು ವಾರಗಳಲ್ಲಿ ನಾಯಿಗಳ ಮೈಮೇಲೆ ಹೊಸ ಚಿಗಟಗಳು ಕಾಣಿಸಬಹುದು. ಔಷಧ ಕೆಲಸ ಮಾಡಲಿಲ್ಲವೆಂಬ ದೂರು ಆಗ ಬರುವ ಸಂಭವವಿದೆ. ನೆಲದಲ್ಲಿ ಉಳಿದ ಕೋಶಗಳು ತಿಂಗಳುಗಟ್ಟಲೆ ಜೀವ ಹಿಡಿದುಕೊಂಡಿದ್ದು ಒಡೆಯುವುದರಿಂದ ಹೀಗಾಗುತ್ತದೆ. ಆದ ಕಾರಣ ಎರಡನೆಯ ಸುತ್ತಿನ ಸ್ವಚ್ಛತೆಗೂ ಮರು ಔಷಧಕ್ಕೂ ದಿನಾಂಕವನ್ನು ಮೊದಲ ಸಭೆಯಲ್ಲಿಯೇ ಗೊತ್ತುಪಡಿಸಿ ನಡಾವಳಿಯಲ್ಲಿ ದಾಖಲಿಸತಕ್ಕದ್ದು.