ತೋಟದ ಕೋವಿಗೆ ಎಂತಹ ಗುರಿಮಣಿ ಬೇಕು?

ಅಡಿಕೆ ಗೊನೆ ಬಲಿಯುವ ದಿನಗಳು ಬಂದವೆಂದರೆ, ಪರವಾನಗಿ ಪಡೆದ ಸದಸ್ಯರ ಮನೆಗಳಲ್ಲಿ ಬೀಗದ ಕಪಾಟಿನಿಂದ ಕೋವಿ ಹೊರಬರುತ್ತದೆ. ತರೀಕೆರೆಯ ಲಕ್ಕವಳ್ಳಿ, ಲಿಂಗದಹಳ್ಳಿ ಮಗ್ಗುಲಿನಲ್ಲಿ ಮಂಗ ಮತ್ತು ಹಂದಿಗಳ ಕಾಟ. ಕಡೂರು, ಅಜ್ಜಂಪುರದ ಬಯಲು ತೋಟಗಳಲ್ಲಿ ಹಂದಿಯ ಜೊತೆಗೆ ನವಿಲಿನ ಹಾವಳಿ. ಈ ನಡುವೆ ಕೆಲವು ತರುಣ ಸದಸ್ಯರು ಹೊಸದೊಂದು ಪ್ರಶ್ನೆ ಕೇಳುತ್ತಿದ್ದಾರೆ: ಅಮೆರಿಕದಲ್ಲಿ ಟರ್ಕಿ ಕೋಳಿಯ ಬೇಟೆಗಾರರು ಕೋವಿಯ ಮೇಲೆ ಕೆಂಪು ಚುಕ್ಕೆಯ ಗುರಿಯಂತ್ರ ಕೂರಿಸುತ್ತಾರಲ್ಲ, ನಮ್ಮ ಕೋವಿಗೂ ಅದನ್ನು ಹಾಕಿಸಬಹುದೆ? ಈ ಪ್ರಶ್ನೆಗೆ ಉತ್ತರ ಹೇಳುವ ಮೊದಲು ಕೆಲವು ಮೂಲ ವಿಷಯಗಳನ್ನು ತಿಳಿಯುವುದು ಅವಶ್ಯ.

ಗುರಿಮಣಿಯ ಕೆಲಸ

ನಮ್ಮಲ್ಲಿ ಹೆಚ್ಚಾಗಿರುವುದು 12 ಬೋರಿನ ಒಂಟಿ ನಳಿಗೆ ಅಥವಾ ಜೋಡು ನಳಿಗೆಯ ತೋಟಾ ಕೋವಿ. ಅಲ್ಲಲ್ಲಿ ಹಳೆಯ ಕೇಪಿನ ಕೋವಿಗಳೂ ಇವೆ. 12 ಬೋರು ಎಂದರೆ ನಳಿಗೆಯ ಒಳ ಅಳತೆಗೆ ಸರಿಹೊಂದುವ ಸೀಸದ ಗುಂಡುಗಳು ಹನ್ನೆರಡು ಸೇರಿ ಒಂದು ಪೌಂಡ್ ತೂಗುತ್ತವೆ ಎಂದು ಅರ್ಥ. ಆ ಅಳತೆ ಸುಮಾರು 18.5 ಮಿಲಿಮೀಟರ್. ಈ ಕೋವಿಯಿಂದ ಹೊರಡುವುದು ಒಂದು ಗುಂಡಲ್ಲ, ಚರೆಗಳ ಹಿಂಡು. ದೂರ ಹೋದಂತೆ ಹಿಂಡು ಹರಡುತ್ತದೆ.

ನಳಿಗೆಯ ತುದಿಯಲ್ಲಿರುವ ಹಿತ್ತಾಳೆಯ ಪುಟ್ಟ ಮಣಿಯೇ ಗುರಿಮಣಿ. ರೈಫಲ್ಲಿಗೆ ಹಿಂದೆ ಒಂದು, ಮುಂದೆ ಒಂದು ಗುರುತು ಇರುತ್ತದೆ. ಚರೆ ಕೋವಿಗೆ ಹಿಂದಿನ ಗುರುತು ನಮ್ಮ ಕಣ್ಣೇ. ಆದುದರಿಂದ ಕೆನ್ನೆ ಪ್ರತಿ ಸಲವೂ ಹಿಡಿಯ ಮೇಲೆ ಒಂದೇ ಜಾಗದಲ್ಲಿ ಕೂರಬೇಕು. ತಲೆ ಎತ್ತಿ ನೋಡಿದರೆ ನಳಿಗೆಯ ಬೆನ್ನು ಹೆಚ್ಚಾಗಿ ಕಾಣುತ್ತದೆ, ಏಟು ಮೇಲೆ ಹೋಗುತ್ತದೆ. ಇದು ಮಣಿಯ ದೋಷವಲ್ಲ, ಹಿಡಿತದ ದೋಷ.

ಅಮೆರಿಕದವರ ಅಗತ್ಯ ಬೇರೆ

ಟರ್ಕಿ ಕೋಳಿಯ ಬೇಟೆಗಾರನು ಮರಕ್ಕೆ ಬೆನ್ನು ಕೊಟ್ಟು ಕುಳಿತು, ನಿಂತ ಹಕ್ಕಿಯ ತಲೆ ಮತ್ತು ಕತ್ತಿಗೆ ಗುರಿ ಇಡುತ್ತಾನೆ. ಅದಕ್ಕಾಗಿ ತುದಿ ಬಹಳ ಬಿಗಿಯಾದ ನಳಿಗೆ ಬಳಸುತ್ತಾನೆ. ಪೂರ್ತಿ ಬಿಗಿ ಇರುವ ನಳಿಗೆ 40 ಗಜ ದೂರದಲ್ಲಿ 30 ಅಂಗುಲದ ವೃತ್ತದೊಳಗೆ ಸುಮಾರು ನೂರಕ್ಕೆ 70 ಚರೆಗಳನ್ನು ಇಡುತ್ತದೆ. ಬಿಗಿ ಇಲ್ಲದ ನಳಿಗೆ ಸುಮಾರು 40ನ್ನು. ಹಿಂಡು ಕಿರಿದಾದಷ್ಟೂ ಗುರಿ ತಪ್ಪುವುದು ಸುಲಭ. ಹಾಗಾಗಿ ಅವರಿಗೆ ಕೆಂಪು ಚುಕ್ಕೆ ಬೇಕಾಯಿತು.

ಅವರ ಇನ್ನೊಂದು ಪಾಠ ನಮಗೆ ಹೆಚ್ಚು ಉಪಯುಕ್ತ. ಗಂಡು ಟರ್ಕಿಯ ತಲೆಯಲ್ಲಿ ಕೆಂಪು, ಬಿಳಿ, ನೀಲಿ ಬಣ್ಣಗಳಿವೆ. ಆ ಬಣ್ಣದ ಬಟ್ಟೆ ತೊಟ್ಟು ಬೇಟೆಗೆ ಹೋಗಬಾರದೆಂದು ಅಲ್ಲಿ ಕಲಿಸುತ್ತಾರೆ. ಏಕೆಂದರೆ ಹಕ್ಕಿಯೆಂದು ಭ್ರಮಿಸಿ ಮನುಷ್ಯನಿಗೇ ಹೊಡೆದ ಪ್ರಸಂಗಗಳಿವೆ. ಒಳ್ಳೆಯ ಗುರಿಯಂತ್ರ ತಪ್ಪು ನೋಟವನ್ನು ತಿದ್ದುವುದಿಲ್ಲ.

ಯಾವುದನ್ನು ಆರಿಸಬೇಕು?

1. ಹಿತ್ತಾಳೆ ಮಣಿ: ನಮ್ಮ ತೋಟಗಳಲ್ಲಿ 20-25 ಗಜಕ್ಕಿಂತ ದೂರ ಕಣ್ಣು ಹರಿಯುವುದೇ ಕಷ್ಟ. ಆ ದೂರಕ್ಕೆ ಇದು ಸಾಕು. ಮಸುಕಾಗಿದ್ದರೆ ಉಜ್ಜಿ ಹೊಳಪು ಮಾಡಿ, ಇಲ್ಲವೆ ಒಂದು ಹನಿ ಬಿಳಿ ಬಣ್ಣ ಹಚ್ಚಿ.

2. ಬೆಳಕಿನ ಎಳೆಯ ಮಣಿ: ಹಸಿರು ಅಥವಾ ಕೆಂಪು ಪ್ಲಾಸ್ಟಿಕ್ ಎಳೆ ಹಗಲಿನ ಬೆಳಕನ್ನು ಹೀರಿ ಹೊಳೆಯುತ್ತದೆ. ನೆರಳಿನ ಕಾಫಿ ತೋಟದಲ್ಲಿ, ವಯಸ್ಸಾದ ಕಣ್ಣಿಗೆ ಅನುಕೂಲ. ಬೆಳಕಿಲ್ಲದ ರಾತ್ರಿಯಲ್ಲಿ ಪ್ರಯೋಜನವಿಲ್ಲ. ಪೆಟ್ಟು ಬಿದ್ದರೆ ಮುರಿಯುತ್ತದೆ.

3. ಕೆಂಪು ಚುಕ್ಕೆಯ ಯಂತ್ರ: ಬೆಲೆ ಹೆಚ್ಚು, ಬ್ಯಾಟರಿ ಬೇಕು, ಮಳೆಗಾಲದಲ್ಲಿ ಗಾಜಿಗೆ ಮಂಜು ಹಿಡಿಯುತ್ತದೆ. ನಮ್ಮ ಹಳೆಯ ಕೋವಿಗಳಲ್ಲಿ ಇದನ್ನು ಕೂರಿಸಲು ಪಟ್ಟಿಯೇ ಇಲ್ಲ. ಅದಕ್ಕೆಂದು ವೆಲ್ಡಿಂಗ್ ಅಂಗಡಿಗೆ ಕೊಂಡೊಯ್ದು ಕಾಯಿಸುವುದಾಗಲಿ, ತೂತು ಕೊರೆಸುವುದಾಗಲಿ ಕೂಡದು. ಬಲಗುಂದಿದ ನಳಿಗೆ ಹಾರಿಸಿದವನ ಕೈಯಲ್ಲೇ ಸಿಡಿಯಬಹುದು. ಮಣಿ ಬದಲಿಸುವುದಿದ್ದರೂ ಪರವಾನಗಿ ಇರುವ ಕೋವಿ ದುರಸ್ತಿಗಾರರಲ್ಲಿಯೇ ಮಾಡಿಸಿ.

ಮೊದಲು ಕಣ್ಣು, ಆಮೇಲೆ ಕಾಗದ

ಎರಡೂ ಕಣ್ಣು ತೆರೆದು, ದೂರದ ಒಂದು ಅಡಿಕೆ ಮರದ ಕಡೆಗೆ ಹೆಬ್ಬೆರಳು ಚಾಚಿ. ಬಲಗಣ್ಣು ಮುಚ್ಚಿ ನೋಡಿ. ಬೆರಳು ಮರದಿಂದ ಪಕ್ಕಕ್ಕೆ ಸರಿದಂತೆ ಕಂಡರೆ ನಿಮ್ಮ ಬಲಗಣ್ಣೇ ಪ್ರಧಾನ. ಸರಿಯದಿದ್ದರೆ ಎಡಗಣ್ಣು. ಬಲ ಭುಜಕ್ಕೆ ಕೋವಿ ಇಡುವವರ ಎಡಗಣ್ಣು ಪ್ರಧಾನವಾಗಿದ್ದರೆ ಏಟು ಪಕ್ಕಕ್ಕೆ ಹೋಗುತ್ತದೆ. ಅಂಥವರು ಗುರಿ ಇಡುವಾಗ ಎಡಗಣ್ಣು ಮುಚ್ಚಬೇಕು.

ಬಳಿಕ ಪರವಾನಗಿಯ ನಿಬಂಧನೆ ಓದಿ, ಠಾಣೆಗೆ ತಿಳಿಸಿ, ಎತ್ತರದ ಮಣ್ಣಿನ ದಿಣ್ಣೆಯ ಮುಂದೆ ನಾಲ್ಕಡಿ ಚೌಕದ ಕಾಗದ ಕಟ್ಟಿ. 25 ಗಜದಿಂದ ಕೋವಿಗೆ ಆಸರೆ ಕೊಟ್ಟು ನಡುವಿನ ಗುರುತಿಗೆ ಒಂದು ತೋಟಾ ಹಾರಿಸಿ. ಹೀಗೆ ಮೂರು ಕಾಗದ. ಮೂರರಲ್ಲೂ ಹಿಂಡು ಒಂದೇ ಕಡೆಗೆ ಸರಿದಿದ್ದರೆ ದೋಷ ಕೋವಿಯಲ್ಲಿ ಅಥವಾ ಮಣಿಯಲ್ಲಿ. ಒಂದೊಂದು ಕಡೆಗೆ ಚದುರಿದ್ದರೆ ಹಾರಿಸಿದವರಲ್ಲಿ.

ಕಾಯಿದೆ ಏನು ಹೇಳುತ್ತದೆ?

ಬೆಳೆ ರಕ್ಷಣೆಯ ಪರವಾನಗಿ ಎಂದರೆ ಪ್ರಾಣಿ ಕೊಲ್ಲುವ ಅನುಮತಿಯಲ್ಲ. ನವಿಲು 1963ರಿಂದ ರಾಷ್ಟ್ರಪಕ್ಷಿ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿದೆ; ಬೆಳೆ ತಿಂದಿತೆಂದು ಹೊಡೆಯುವಂತಿಲ್ಲ. 2023ರ ಏಪ್ರಿಲ್ 1ರಿಂದ ಜಾರಿಯಾದ ತಿದ್ದುಪಡಿಯಲ್ಲಿ ಕಾಡುಹಂದಿ ಎರಡನೆಯ ಅನುಸೂಚಿಯಲ್ಲಿದೆ. ಬೆಳೆಗೆ ಅಪಾಯಕಾರಿಯೆಂದು ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರು ಅಧಿಕಾರ ಕೊಟ್ಟ ಅಧಿಕಾರಿ ಬರಹದಲ್ಲಿ ಅನುಮತಿ ಕೊಟ್ಟರೆ ಮಾತ್ರ ಹೊಡೆಯಬಹುದು. ಆನೆಗೆ ಚರೆ ಹಾರಿಸುವುದು ಕಾಯಿದೆಗೂ ವಿರುದ್ಧ, ಪ್ರಾಣಕ್ಕೂ ಅಪಾಯ. ಗಾಯಗೊಂಡ ಆನೆ ರೊಚ್ಚಿಗೇಳುತ್ತದೆ.

ಬೆದರಿಸಲೆಂದು ಮನಬಂದಂತೆ ಹಾರಿಸುವುದೂ ಸಲ್ಲದು. ಎಲ್.ಜಿ. ತೋಟಾದ ದಪ್ಪ ಚರೆ ಅರ್ಧ ಕಿಲೋಮೀಟರಿಗೂ ಹೆಚ್ಚು ದೂರ ಹೋಗಬಲ್ಲದು. ಇತರರ ಪ್ರಾಣಕ್ಕೆ ಅಪಾಯವಾಗುವಂತೆ ಅಜಾಗರೂಕತೆಯಿಂದ ಹಾರಿಸಿದರೆ, 2019ರ ಆಯುಧ ಕಾಯಿದೆ ತಿದ್ದುಪಡಿಯಂತೆ 2 ವರ್ಷದವರೆಗೆ ಸೆರೆವಾಸ, 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು.

ಒಂದು ರಾತ್ರಿಯ ಅನುಭವ

ಕೆಲವು ವರ್ಷಗಳ ಹಿಂದಿನ ಮಾತು. ರಾತ್ರಿ ತೋಟದ ಬಾಳೆ ಬುಡದಲ್ಲಿ ಸರಸರ ಸದ್ದಾಯಿತು. ಹಂದಿಯೇ ಸರಿ ಎಂದುಕೊಂಡು ಈ ಲೇಖಕನು ಕೋವಿ ಎತ್ತಿ ಸದ್ದಿನ ಕಡೆಗೆ ಮಣಿ ಹಿಡಿದಾಗಿತ್ತು. ಆಗ ಕೆಮ್ಮು ಕೇಳಿಸಿತು. ತ್ರೀ ಫೇಸ್ ಕರೆಂಟು ಬಂದಿತೆಂದು ಪಕ್ಕದ ತೋಟದವರು ನೀರಿನ ವಾಲ್ವ್ ತಿರುಗಿಸಲು ಬಂದಿದ್ದರು. ಮಣಿ ಸರಿಯಾಗಿತ್ತು, ಗುರಿಯೂ ಸರಿಯಾಗಿತ್ತು. ತಪ್ಪಿದ್ದು ನೋಟ. ಅವರು ಕೆಮ್ಮದಿದ್ದರೆ ಏನಾಗುತ್ತಿತ್ತೆಂದು ಬರೆಯಲು ಇಂದಿಗೂ ಕೈ ನಡುಗುತ್ತದೆ.

ಆದುದರಿಂದ ಸದಸ್ಯರು ನೆನಪಿಡಬೇಕಾದುದು ಇಷ್ಟೆ. ಸದ್ದಿಗೆ ಗುರಿ ಇಡಬೇಡಿ. ಟಾರ್ಚಿಗೆ ಹೊಳೆಯುವ ಕಣ್ಣಿಗೂ ಇಡಬೇಡಿ. ಹಸುವಿನ ಕಣ್ಣು, ನಾಯಿಯ ಕಣ್ಣು ಸಹ ಹೊಳೆಯುತ್ತವೆ. ಪ್ರಾಣಿಯ ಪೂರ್ತಿ ಆಕಾರವೂ ಅದರ ಹಿಂದಿನ ಮಣ್ಣೂ ಕಾಣುವವರೆಗೆ ಬೆರಳು ಕುದುರೆಯ ಹತ್ತಿರ ಹೋಗಬಾರದು. ರಾತ್ರಿ ನೀರು ಬಿಡಲು ಹೋಗುವವರು ದೀಪ ಹಿಡಿದು, ನೆರೆಯವರಿಗೆ ಕೂಗಿ ಹೇಳಿ ಹೋಗುವ ರೂಢಿ ಮಾಡಿಕೊಳ್ಳಲಿ. ಇಷ್ಟನ್ನು ಪಾಲಿಸಿದರೆ ಅಜ್ಜನ ಕಾಲದ ಹಿತ್ತಾಳೆ ಮಣಿಯೇ ನಮ್ಮ ತೋಟಕ್ಕೆ ಧಾರಾಳವಾಗಿ ಸಾಕು.